ಬರ, ಸವಳು ಮತ್ತು ನಮ್ಮ ಸೀಮೆಯ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಕಡೆಯವರಿಗೆ ಮಳೆ ಕೈಕೊಡುವುದು ಹೊಸದಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಇಲ್ಲಿನ ಗುಡ್ಡ, ಬದು, ಹೊಲದಂಚಿನ ಗಿಡಗಳು ಮಾತ್ರ ಜೀವ ಹಿಡಿದುಕೊಂಡೇ ಬಂದಿವೆ. ಅದು ಹೇಗೆ ಅಂತ ರೈತರು, ಮೇಷ್ಟ್ರುಗಳು, ಕಾಲೇಜು ಹುಡುಗರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಳೆ ಇಲ್ಲದಾಗ ಗಿಡ ಒಣಗುವುದು ನೀರಿಲ್ಲದೆ ತಾನೆ? ಇದರಲ್ಲಿ ಆಂಟಿ ಆಕ್ಸಿಡೆಂಟ್ ಮಾತು ಎಲ್ಲಿಂದ ಬಂತು?

ನೀರಿಲ್ಲದೆ ಸಾಯುವುದು ನಿಜ. ಆದರೆ ಅದಕ್ಕೂ ಮುಂಚೆ ಎಲೆಯೊಳಗೆ ಇನ್ನೊಂದು ಕಾಟ ಶುರುವಾಗಿರುತ್ತದೆ.

ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಪತ್ರರಂಧ್ರ ಅನ್ನುತ್ತೇವಲ್ಲ, ಅವೇ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು, ನೀರಾವಿ ಹೊರಗೆ ಹೋಗುವುದು ಎರಡೂ ಈ ಬಾಯಿಯಿಂದಲೇ. ಬೇರಿಗೆ ನೀರು ಸಿಗದಿದ್ದರೆ ಗಿಡ ಬಾಯಿ ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯಿತು. ಆದರೆ ಇಂಗಾಲದ ಡೈಆಕ್ಸೈಡ್ ಬರುವುದೂ ನಿಂತಿತು. ಬಿಸಿಲು ಮಾತ್ರ ನಿಲ್ಲುವುದಿಲ್ಲ. ಪತ್ರಹರಿತ್ತು ಬೆಳಕನ್ನು ಹೀರುತ್ತಲೇ ಇರುತ್ತದೆ, ಎಲೆಕ್ಟ್ರಾನುಗಳು ಹರಿಯುತ್ತಲೇ ಇರುತ್ತವೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಲೆ ಉರಿಯುವಷ್ಟು ಹೊತ್ತೂ ಬಾಣಲೆಗೆ ಅಕ್ಕಿ ಹಾಕುವುದು, ಅರಳಿದ್ದನ್ನು ತೆಗೆಯುವುದು ನಡೆಯುತ್ತಲೇ ಇರಬೇಕು. ಕೈ ನಿಂತರೆ ಒಳಗಿದ್ದದ್ದು ಕರಕಲಾಗುತ್ತದೆ. ಎಲೆಯಲ್ಲೂ ಆಗುವುದು ಅದೇ. ಸಕ್ಕರೆ ತಯಾರಿಗೆ ಹೋಗಬೇಕಿದ್ದ ಎಲೆಕ್ಟ್ರಾನುಗಳು ಪಕ್ಕದಲ್ಲಿದ್ದ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಆಗ ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇಂಥವು ಹುಟ್ಟುತ್ತವೆ. ಒಟ್ಟಿಗೆ ಇವನ್ನು ಕೆರಳಿದ ಆಮ್ಲಜನಕ ಅಂತ ಕರೆಯೋಣ. ಇವು ಕೋಶದ ಪೊರೆಯ ಕೊಬ್ಬು, ಪ್ರೋಟೀನು, ಡಿಎನ್ಎ ಯಾವುದನ್ನೂ ಬಿಡುವುದಿಲ್ಲ. ಎಷ್ಟೋ ಸಲ ಎಲೆಯ ಅಂಚು ಸುಟ್ಟು ಕಂದಾಗುವುದರ ಹಿಂದೆ ಇವುಗಳ ಕೈವಾಡವೂ ಇರುತ್ತದೆ.

ಈ ಕೆರಳಿದ ಆಮ್ಲಜನಕವನ್ನು ತಣ್ಣಗಾಗಿಸುವ ಗಿಡದ ಸ್ವಂತ ವಸ್ತುಗಳೇ ಆಂಟಿ ಆಕ್ಸಿಡೆಂಟ್‌ಗಳು. ಅವು ನೀರು ತಂದುಕೊಡುವುದಿಲ್ಲ. ಮುಂದಿನ ಮಳೆ ಬರುವವರೆಗೆ ಎಲೆಯೊಳಗಿನ ಯಂತ್ರ ಹಾಳಾಗದಂತೆ ನೋಡಿಕೊಳ್ಳುತ್ತವೆ. ಕೆಳಗಿನ ಉತ್ತರಗಳನ್ನು ಓದುವಾಗ ಈ ಒಂದು ಮಾತು ನೆನಪಿನಲ್ಲಿರಲಿ.

ಆಂಟಿ ಆಕ್ಸಿಡೆಂಟ್ ಅಂದರೆ ಒಂದೇ ವಸ್ತುವಾ?

ಅಲ್ಲ. ಎರಡು ಬಗೆ ಇವೆ.

ಮೊದಲನೆಯದು ಕಿಣ್ವಗಳು, ಅಂದರೆ ಕೋಶದೊಳಗಿನ ರಾಸಾಯನಿಕ ಕೆಲಸಗಳನ್ನು ಚುರುಕು ಮಾಡುವ ಪ್ರೋಟೀನುಗಳು. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನುವ ಕಿಣ್ವ ಸೂಪರ್ ಆಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಇದರ ಕೆಲಸವನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿಕೊಟ್ಟರು. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಜಾಸ್ತಿಯಾದರೆ ಅಪಾಯವೇ. ಅದನ್ನು ಕ್ಯಾಟಲೇಸ್ ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಎಲೆಯ ಹಸಿರು ಕಣಗಳ ಒಳಗೆ ಕ್ಯಾಟಲೇಸ್ ಇಲ್ಲ. ಅಲ್ಲಿ ಆ ಕೆಲಸ ಆಸ್ಕಾರ್ಬೇಟ್ ಪೆರಾಕ್ಸಿಡೇಸ್‌ನದು. ಅದಕ್ಕೆ ವಿಟಮಿನ್ ಸಿ ಬೇಕು. ಖರ್ಚಾದ ವಿಟಮಿನ್ ಸಿಯನ್ನು ಗ್ಲುಟಾಥಯೋನ್ ಮತ್ತೆ ಮೊದಲಿನಂತೆ ಮಾಡುತ್ತದೆ. ಹೀಗೆ ಬಳಸಿ, ಮತ್ತೆ ತಯಾರು ಮಾಡಿ, ಮತ್ತೆ ಬಳಸುವುದು ಹಗಲಿಡೀ ನಡೆಯುತ್ತದೆ. ಒಂದು ಗಿಡದಲ್ಲಿ ಎಷ್ಟು ವಿಟಮಿನ್ ಸಿ ಇದೆ ಅನ್ನುವುದಕ್ಕಿಂತ ಈ ಚಕ್ರ ಎಷ್ಟು ಬೇಗ ತಿರುಗುತ್ತದೆ ಅನ್ನುವುದೇ ಬರಗಾಲದಲ್ಲಿ ಮುಖ್ಯ.

ಎರಡನೆಯದು ಸಣ್ಣ ಅಣುಗಳು. ವಿಟಮಿನ್ ಸಿ, ಪೊರೆಯ ಕೊಬ್ಬನ್ನು ಕಾಯುವ ವಿಟಮಿನ್ ಇ, ಹಳದಿ ಕಿತ್ತಳೆ ಬಣ್ಣದ ಕ್ಯಾರೋಟಿನಾಯ್ಡ್‌ಗಳು, ಕೆಂಪು ನೇರಳೆ ಬಣ್ಣದ ಆಂಥೋಸಯನಿನ್, ಒಗರು ರುಚಿಯ ಟ್ಯಾನಿನ್ ಮುಂತಾದ ಪಾಲಿಫಿನಾಲ್‌ಗಳು. ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನೂ ಬರದಲ್ಲಿ ಗಿಡಗಳು ಕೂಡಿಟ್ಟುಕೊಳ್ಳುತ್ತವೆ. ಅದರ ದೊಡ್ಡ ಕೆಲಸ ಕೋಶದಲ್ಲಿ ನೀರು ಹಿಡಿದಿಡುವುದು.

ಇದನ್ನೆಲ್ಲ ಕಣ್ಣಾರೆ ನೋಡುವ ದಾರಿ ಇದೆಯಾ?

ಒಂದನ್ನಂತೂ ನೋಡಬಹುದು. ಶಾಲೆಯಲ್ಲಿ ಸುಲಭವಾಗಿ ಮಾಡಿ ತೋರಿಸಬಹುದು.

ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಒಂದು ಹಿಡಿ ನುಗ್ಗೆ ಸೊಪ್ಪನ್ನೋ ಪಾಲಕ್ ಸೊಪ್ಪನ್ನೋ ಸ್ವಲ್ಪ ನೀರು ಹಾಕಿ ಜಜ್ಜಿ. ಅದನ್ನು ಎರಡು ಲೋಟಕ್ಕೆ ಹಂಚಿ. ಒಂದರ ಸೊಪ್ಪನ್ನು ಮೊದಲೇ ಚೆನ್ನಾಗಿ ಕುದಿಸಿ ಆರಿಸಿರಬೇಕು. ಎರಡಕ್ಕೂ ಒಂದೊಂದು ಚಮಚ ಪೆರಾಕ್ಸೈಡ್ ಹಾಕಿ. ಹಸಿ ಸೊಪ್ಪಿನ ಲೋಟದಲ್ಲಿ ಬುರಬುರ ಅಂತ ನೊರೆ ಏಳುತ್ತದೆ. ಕುದಿಸಿದ್ದು ಹಾಗೇ ಕೂತಿರುತ್ತದೆ. ಆ ನೊರೆಯಲ್ಲಿರುವುದು ಆಮ್ಲಜನಕ. ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆದಾಗ ಬಂದದ್ದು. ಕುದಿಸಿದರೆ ಕಿಣ್ವ ಕೆಡುತ್ತದೆ, ಅದಕ್ಕೇ ಅಲ್ಲಿ ನೊರೆ ಇಲ್ಲ. ಕಣ್ಣಿಗೆ ಸಿಡಿಯದಂತೆ ಜೋಪಾನ, ಮಕ್ಕಳ ಜೊತೆ ದೊಡ್ಡವರು ಇರಬೇಕು.

ಯುಗಾದಿ ಹೊತ್ತಿಗೆ ಬೇವಿನ ಚಿಗುರು, ಮಾವಿನ ಚಿಗುರು ಕೆಂಪಗಿರುವುದು ಯಾಕೆ?

ಅದು ಆಂಥೋಸಯನಿನ್ ಬಣ್ಣ. ಮಾರ್ಚ್ ತಿಂಗಳ ಬಿಸಿಲು ನಮ್ಮ ಕಡೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಎಳೆ ಎಲೆಯಲ್ಲಿ ಬೆಳಕನ್ನು ಬಳಸಿಕೊಳ್ಳುವ ಯಂತ್ರ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಬೀಳುವ ಬೆಳಕು ಮಾತ್ರ ಬಲಿತ ಎಲೆಗೆ ಬೀಳುವಷ್ಟೇ. ಕೆಂಪು ಬಣ್ಣ ಒಂದಷ್ಟು ಬೆಳಕನ್ನು ಮೇಲೆಯೇ ತಡೆಯುತ್ತದೆ. ಆಂಥೋಸಯನಿನ್‌ಗೆ ಕೆರಳಿದ ಆಮ್ಲಜನಕವನ್ನು ತಣಿಸುವ ಗುಣವೂ ಇದೆ. ಎಳೆಯದನ್ನು ಮೇಯುವ ಹುಳುಗಳನ್ನು ದೂರ ಇಡಲೂ ಈ ಬಣ್ಣ ನೆರವಾಗುತ್ತದೆ ಅನ್ನುವ ವಾದವಿದೆ.

ಈ ಸಲ ಬೇವು ಬೆಲ್ಲಕ್ಕೆ ಚಿಗುರು ಕೀಳುವಾಗ ಒಂದು ರೆಂಬೆಯನ್ನು ತುದಿಯಿಂದ ಕೆಳಗೆ ನೋಡುತ್ತಾ ಬನ್ನಿ. ತುದಿಯಲ್ಲಿ ತಾಮ್ರದ ಬಣ್ಣ, ಅದರ ಕೆಳಗೆ ಕೆಂಪು ಬೆರೆತ ತಿಳಿಹಸಿರು, ಆಮೇಲೆ ಅಚ್ಚ ಹಸಿರು. ಎಲೆ ಬಲಿಯುತ್ತಾ ಹೋದಂತೆ ಬಣ್ಣ ಬಿಟ್ಟುಕೊಡುವುದು ಒಂದೇ ರೆಂಬೆಯಲ್ಲಿ ಕಾಣುತ್ತದೆ.

ಕೆಂಪು ದಂಟಿನ ಸೊಪ್ಪಿನ ಬಣ್ಣ ಮಾತ್ರ ಬೇರೆ. ಅದು ಬೀಟಾಲೈನ್. ಬೀಟ್‌ರೂಟ್, ಪಾಪಾಸುಕಳ್ಳಿ ಹಣ್ಣು, ಈಗ ನಮ್ಮ ಕಡೆಯೂ ಬೆಳೆಯುತ್ತಿರುವ ಕೆಂಪು ಡ್ರ್ಯಾಗನ್ ಹಣ್ಣು ಎಲ್ಲದರಲ್ಲೂ ಇರುವುದು ಅದೇ. ಬೀಟಾಲೈನ್ ಮಾಡುವ ಗಿಡ ಆಂಥೋಸಯನಿನ್ ಮಾಡುವುದಿಲ್ಲ.

ನಡುಮಧ್ಯಾಹ್ನದ ಬಿಸಿಲಿಗೆ ಗಿಡ ಬೇರೇನಾದರೂ ಮಾಡುತ್ತದಾ?

ಮಾಡುತ್ತದೆ. ಕೆರಳಿದ ಆಮ್ಲಜನಕ ಹುಟ್ಟಿದ ಮೇಲೆ ತಣಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಒಳ್ಳೆಯದಲ್ವಾ? ಜೋರು ಬಿಸಿಲಿಗೆ ಎಲೆಯಲ್ಲಿರುವ ವಯೋಲಜ್ಯಾಂಥಿನ್ ಎಂಬ ಹಳದಿ ವರ್ಣಕ ಕೆಲವೇ ನಿಮಿಷಗಳಲ್ಲಿ ಜಿಯಾಜ್ಯಾಂಥಿನ್ ಆಗಲು ಶುರುವಾಗುತ್ತದೆ. ಇದು ಹೆಚ್ಚಾದ ಬೆಳಕಿನ ಶಕ್ತಿಯನ್ನು ಶಾಖವಾಗಿ ಹೊರಗೆ ಬಿಡಲು ನೆರವಾಗುತ್ತದೆ. ಸಂಜೆ ಬೆಳಕು ತಗ್ಗಿದ ಮೇಲೆ ಮತ್ತೆ ಮೊದಲಿನಂತೆ ಆಗುತ್ತದೆ. ದಾವಣಗೆರೆ ಮಾರುಕಟ್ಟೆಗೆ ಬರುವ ಮೆಕ್ಕೆಜೋಳದ ಕಾಳಿನ ಹಳದಿಯಲ್ಲೂ ಇದೇ ಜಿಯಾಜ್ಯಾಂಥಿನ್ ಇದೆ, ಜೊತೆಗೆ ಲ್ಯೂಟೀನ್.

ಜೋಳ, ಮೆಕ್ಕೆಜೋಳದ ಎಲೆ ಮಧ್ಯಾಹ್ನ ಸುರುಳಿ ಸುತ್ತಿಕೊಳ್ಳುವುದೂ ಬೆಳಕು ಕಡಿಮೆ ಮಾಡಿಕೊಳ್ಳುವ ಉಪಾಯವೇ. ಸಂಜೆಗೆ ಬಿಚ್ಚಿಕೊಂಡರೆ ಚಿಂತೆ ಇಲ್ಲ. ಬೆಳಗ್ಗೆಯೂ ಸುತ್ತಿಕೊಂಡೇ ಇದ್ದರೆ ಬೇರಿಗೆ ತೇವ ಸಿಗುತ್ತಿಲ್ಲ ಅಂತ.

ಸವಳು ಭೂಮಿಯಲ್ಲಿ ಕೈ ಹಾಕಿದರೆ ತೇವ ಇರುತ್ತದೆ. ಆದರೂ ಬೆಳೆ ಯಾಕೆ ಬಾಡುತ್ತದೆ?

ತೇವ ಇದೆ, ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಿಡಕ್ಕೆ ಇದು ಬರಗಾಲವೇ. ಬಾಯಿ ಮುಚ್ಚಿಕೊಳ್ಳುತ್ತದೆ, ಮೇಲೆ ಹೇಳಿದ್ದೆಲ್ಲ ಶುರುವಾಗುತ್ತದೆ.

ಆಮೇಲೆ ಎರಡನೇ ಏಟು. ಸೋಡಿಯಂ ಮತ್ತು ಕ್ಲೋರೈಡ್ ನಿಧಾನಕ್ಕೆ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಸೋಡಿಯಂ ಕೂತರೆ ಎಷ್ಟೋ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಹಳೆಯ ಎಲೆಗಳ ತುದಿ ಮೊದಲು ಸುಡುವುದು ಇದರಿಂದ. ಹಳೆಯ ಎಲೆಯಲ್ಲಿ ಉಪ್ಪು ಸೇರಲು ಜಾಸ್ತಿ ದಿನ ಸಿಕ್ಕಿರುತ್ತದೆ.

ಹಾಗಾಗಿ ಸವಳಿನಲ್ಲಿ ಆಂಟಿ ಆಕ್ಸಿಡೆಂಟ್ ಒಂದೇ ಸಾಲದು. ಸೋಡಿಯಂ ಒಳಗೆ ಬರದಂತೆ ತಡೆಯಬೇಕು, ಬಂದದ್ದನ್ನು ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ, ಅಂದರೆ ರಸಕುಹರದಲ್ಲಿ, ಕೂಡಿ ಹಾಕಬೇಕು. ಕೇರಳದ ಪೊಕ್ಕಾಳಿ ಭತ್ತ, ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕಗ್ಗ ಭತ್ತ ಉಪ್ಪುನೀರಿನಲ್ಲೇ ಬೆಳೆಯುತ್ತವೆ. ಪೊಕ್ಕಾಳಿಯಿಂದ ಬಂದ ಸಾಲ್ಟಾಲ್ ಎಂಬ ವಂಶವಾಹಿ ಭಾಗವನ್ನು ಈಗ ಬೇರೆ ಭತ್ತದ ತಳಿಗಳಿಗೂ ಸೇರಿಸಿದ್ದಾರೆ. ಎಲೆಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಕೆರಳಿದ ಆಮ್ಲಜನಕ ಹುಟ್ಟುವುದೇ ಅಲ್ಲಿಗೆ ಕಡಿಮೆಯಾಗುತ್ತದೆ.

ಸವಳು, ಕರಲು ಎರಡೂ ಒಂದೇನಾ?

ಬೇರೆ ಬೇರೆ. ಸವಳಿನಲ್ಲಿ ಕರಗುವ ಉಪ್ಪು ಜಾಸ್ತಿ, ಬೇಸಿಗೆಯಲ್ಲಿ ಮೇಲೆ ಬಿಳಿ ಪದರ ಕಾಣುತ್ತದೆ. ಕರಲು ಮಣ್ಣಿನಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ರಸಸಾರ (ಪಿಎಚ್) 8.5 ದಾಟಿರುತ್ತದೆ, ಮಣ್ಣು ಒದ್ದೆಯಾದರೆ ಜಿಗುಟು, ಒಣಗಿದರೆ ಕಲ್ಲು, ನೀರು ಇಂಗುವುದಿಲ್ಲ. ಸವಳಿಗೆ ಬೇಕಾದ್ದು ಬಸಿಗಾಲುವೆ ಮತ್ತು ಒಳ್ಳೆ ನೀರು ಹಾಯಿಸಿ ಉಪ್ಪು ತೊಳೆಯುವುದು. ಕರಲಿಗೆ ಮಣ್ಣು ಪರೀಕ್ಷೆ ಹೇಳಿದಷ್ಟು ಜಿಪ್ಸಂ, ಆಮೇಲೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬೆಳೆಸಿ ಮಣ್ಣಿಗೆ ಸೇರಿಸುವುದು. ಭದ್ರಾ ಅಚ್ಚುಕಟ್ಟಿನ ತಗ್ಗು ಗದ್ದೆಗಳಲ್ಲಿ, ಹಿರಿಯೂರು ಕಡೆಯ ಎರೆ ಭೂಮಿಯಲ್ಲಿ ನೀರು ಬಸಿಯುವ ದಾರಿ ಮೊದಲು ನೋಡಬೇಕು. ಬಸಿಗಾಲುವೆ ಇಲ್ಲದೆ ಏನು ಹಾಕಿದರೂ ದುಡ್ಡು ದಂಡ.

ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತದೆ?

ಮಣ್ಣಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಮೀಟರಿಗೆ ಇಷ್ಟು ಡೆಸಿ ಸೀಮೆನ್ಸ್ ಅನ್ನುವುದು ಅದರ ಅಳತೆ. ಇಳುವರಿ ಇಳಿಯಲು ಶುರುವಾಗುವ ಮಟ್ಟ ಈರುಳ್ಳಿಗೆ 1.2, ಮೆಕ್ಕೆಜೋಳಕ್ಕೆ 1.7, ಭತ್ತಕ್ಕೆ 3, ಶೇಂಗಾಕ್ಕೆ 3.2, ಜೋಳಕ್ಕೆ 6.8, ಹತ್ತಿಗೆ 7.7. ನಮ್ಮ ಕಡೆ ಜಾಸ್ತಿ ಹಾಕುವ ಈರುಳ್ಳಿ, ಮೆಕ್ಕೆಜೋಳ ಎರಡೂ ಉಪ್ಪಿಗೆ ಬೇಗ ಸೋಲುತ್ತವೆ ಅನ್ನುವುದು ಗಮನಿಸಬೇಕಾದ ಮಾತು. ಮರಗಳಲ್ಲಿ ಹೊಂಗೆ ಚೆನ್ನಾಗಿ ತಡೆಯುತ್ತದೆ. ದಾಳಿಂಬೆಯೂ ತಕ್ಕಮಟ್ಟಿಗೆ ತಡೆಯುತ್ತದೆ.

ಜೋಗಿಮಟ್ಟಿ ಗುಡ್ಡದ ಗಿಡಗಳಿಗೆ ಯಾರೂ ನೀರು ಹಾಕುವುದಿಲ್ಲ. ಅವು ಹೇಗೆ ಬದುಕುತ್ತವೆ?

ಒಂದೊಂದರದು ಒಂದೊಂದು ದಾರಿ. ಸೀತಾಫಲದಂಥವು ಎಲೆ ಉದುರಿಸಿ ಬಿಡುತ್ತವೆ. ಎಲೆಯೇ ಇಲ್ಲದಿದ್ದರೆ ಬಿಸಿಲಿನ ಕಾಟವೂ ಇಲ್ಲ. ಎಲೆ ಉಳಿಸಿಕೊಳ್ಳುವ ಗಿಡಗಳ ಕಥೆ ನನಗೆ ಇನ್ನೂ ಇಷ್ಟ.

ಬಂದ್ರೆ ಗಿಡ ಗೊತ್ತಲ್ಲ, ಕುರಿ ಮೇಕೆ ಮುಟ್ಟದ, ಬೇಲಿಗೆ ಹಾಕುವ ಗಿಡ. ಅದರ ಎಳೆ ಎಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಅಂಟಂಟಾಗುತ್ತದೆ. ಬಿಸಿಲಿಗೆ ಹಿಡಿದರೆ ವಾರ್ನಿಷ್ ಬಳಿದಂತೆ ಹೊಳೆಯುತ್ತದೆ. ಎಲೆಯೇ ಹೊರಗೆ ಸೂಸಿದ ರಾಳ ಅದು. ಅದರಲ್ಲಿ ಫ್ಲೇವನಾಯ್ಡ್‌ಗಳು ತುಂಬಿವೆ. ನೇರಳಾತೀತ ಕಿರಣವನ್ನು ತಡೆಯುತ್ತವೆ. ರಾಳದ ಪದರ ನೀರಾವಿ ಹೋಗುವುದನ್ನೂ ಕಡಿಮೆ ಮಾಡುತ್ತದೆ. ರಕ್ಷಣೆಯನ್ನು ಎಲೆಯ ಹೊರಗೇ ಇಟ್ಟುಕೊಂಡ ಗಿಡ ಇದು.

ಹಳದಿ ಹೂವಿನ ತಂಗಡಿ, ಕೆಲವರು ಆವರಿಕೆ ಅನ್ನುತ್ತಾರೆ, ತನ್ನ ತೊಗಟೆಯಲ್ಲಿ ಟ್ಯಾನಿನ್ ತುಂಬಿಕೊಂಡಿದೆ. ಹಿಂದೆ ಚರ್ಮ ಹದ ಮಾಡಲು ಈ ತೊಗಟೆಯನ್ನೇ ಬಳಸುತ್ತಿದ್ದರು. ಟ್ಯಾನಿನ್ ಮೇಯುವ ಬಾಯಿಗಳನ್ನು ದೂರ ಇಡುತ್ತದೆ. ಒಣ ಸೀಮೆಯಲ್ಲಿ ಒಂದು ಎಲೆ ಕಳೆದುಕೊಂಡರೆ ಮತ್ತೆ ಬೆಳೆಸಲು ಬಹಳ ನೀರು ಬೇಕು. ಇರುವುದನ್ನು ಕಾಪಾಡಿಕೊಳ್ಳಲು ಇಷ್ಟು ಖರ್ಚು ಮಾಡುವುದು ಅದಕ್ಕೇ.

ಚಿತ್ರದುರ್ಗದ ಕೋಟೆಯ ಬಂಡೆ ಸಂದಿಯಲ್ಲಿ ಬೇಸಿಗೆಯಲ್ಲಿ ಸತ್ತು ಮಳೆಗೆ ಬದುಕುವ ಗಿಡ ಇದೆಯಂತೆ, ನಿಜವಾ?

ಸತ್ತಿರುವುದಿಲ್ಲ, ಪೂರ್ತಿ ಒಣಗಿರುತ್ತದೆ. ಒಣ ಸೀಮೆಯ ಕಲ್ಲಿನ ಸಂದಿಗಳಲ್ಲಿ ಮಯೂರಶಿಖಿ ಎಂಬ ಪುಟ್ಟ ಜರಿಗಿಡ ಬೆಳೆಯುತ್ತದೆ. ಬೆರಳುದ್ದದ ದಂಟು, ತುದಿಯಲ್ಲಿ ಬೀಸಣಿಗೆಯಂತೆ ಸೀಳಿದ ಎಲೆ. ಬೇಸಿಗೆಯಲ್ಲಿ ಮುದುರಿಕೊಂಡು ಕಡ್ಡಿಯಾಗುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ.

ಸಾಮಾನ್ಯ ಗಿಡದ ಎಲೆ ಅಷ್ಟು ಒಣಗಿದರೆ ಮುಗಿಯಿತು. ಇಂಥ ಗಿಡಗಳು ಒಣಗುವ ಮೊದಲೇ ಕೋಶಗಳಲ್ಲಿ ಸಕ್ಕರೆ ಮತ್ತು ಕೆಲವು ವಿಶೇಷ ಪ್ರೋಟೀನುಗಳನ್ನು ತುಂಬಿಕೊಳ್ಳುತ್ತವೆ. ನೀರು ಹೋದ ಜಾಗವನ್ನು ಅವು ಹಿಡಿದು ಪೊರೆ ಕುಸಿಯದಂತೆ ನೋಡಿಕೊಳ್ಳುತ್ತವೆ. ಎಲೆ ಮುದುರುವುದರಿಂದ ಬೆಳಕು ಬೀಳುವುದು ಕಡಿಮೆ. ಅತಿ ಮುಖ್ಯವಾದದ್ದು, ಆಂಟಿ ಆಕ್ಸಿಡೆಂಟ್ ಸಾಮಾನು ಒಣಗಿದಾಗಲೂ ಹಾಳಾಗದೆ ಉಳಿದಿರುತ್ತದೆ. ಯಾಕೆಂದರೆ ಒಣಗುವಾಗ ಮಾತ್ರ ಅಪಾಯ ಅಲ್ಲ. ಮೊದಲ ಮಳೆ ಬಿದ್ದು ಕೋಶದಲ್ಲಿ ಉಸಿರಾಟ ತಟ್ಟನೆ ಶುರುವಾದಾಗಲೂ ಕೆರಳಿದ ಆಮ್ಲಜನಕ ಉಕ್ಕುತ್ತದೆ. ಆ ಹೊತ್ತಿಗೆ ತಣಿಸುವ ಕಿಣ್ವ ಕೈಗೆ ಸಿಗುವಂತೆ ಇರಬೇಕು.

ಕೋಟೆ ನೋಡಲು ಹೋದಾಗ ದಯವಿಟ್ಟು ಇಂಥ ಗಿಡಗಳನ್ನು ಕಿತ್ತು ತರಬೇಡಿ. ಆ ಸಂದಿಯ ಒಂದು ಹಿಡಿ ಮಣ್ಣು ಸೇರಲು ಎಷ್ಟೋ ವರ್ಷ ಬೇಕಾಗಿರುತ್ತದೆ.

ಕಳ್ಳಿ, ಕತ್ತಾಳೆ?

ಅವು ರಾತ್ರಿ ಬಾಯಿ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಾಯಿ ಮುಚ್ಚಿ ಬಳಸುತ್ತವೆ. ಹೊಲದಲ್ಲಿ ಕಳೆ ಅಂತ ಕೀಳುವ ಗೋಣಿ ಸೊಪ್ಪು ಇನ್ನೂ ಜಾಣ. ನೀರಿದ್ದಾಗ ಜೋಳದ ಹಾಗೆ ಹಗಲು ಕೆಲಸ ಮಾಡುತ್ತದೆ, ನೀರು ಕಮ್ಮಿಯಾದರೆ ಕಳ್ಳಿಯ ಹಾದಿ ಹಿಡಿಯುತ್ತದೆ. ಉಪ್ಪನ್ನೂ ತಡೆಯುತ್ತದೆ. ಸಾರಿಗೂ ಪಲ್ಯಕ್ಕೂ ರುಚಿ. ಮೂತ್ರಪಿಂಡದ ಕಲ್ಲು ಇರುವವರು ಮಾತ್ರ ಕಡಿಮೆ ತಿನ್ನಬೇಕು, ಅದರಲ್ಲಿ ಆಕ್ಸಲೇಟ್ ಜಾಸ್ತಿ.

ಬಳ್ಳಾರಿ ಜಾಲಿ ಎಲ್ಲಿ ಹಾಕಿದರೂ ಬರುತ್ತದೆ. ಅದನ್ನೇ ಬೆಳೆಸಬಹುದಲ್ಲ?

ಬೇಡ. ಬರಕ್ಕೂ ಉಪ್ಪಿಗೂ ಅದು ಜಗ್ಗುವುದಿಲ್ಲ, ನಿಜ. ಆದರೆ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಬಂದ ಈ ಗಿಡ ನಮ್ಮ ಕಾವಲುಗಳ ಹುಲ್ಲನ್ನು, ಸ್ಥಳೀಯ ಗಿಡಗಳನ್ನು ನುಂಗಿ ಹಾಕುತ್ತಿದೆ. ಬನ್ನಿ, ಬೇವು, ಹೊಂಗೆ, ಕರಿಜಾಲಿ ಇರುವಾಗ ಇದನ್ನು ಹಾಕುವ ಅಗತ್ಯವೇ ಇಲ್ಲ.

ಆಂಟಿ ಆಕ್ಸಿಡೆಂಟ್ ಜಾಸ್ತಿ ಇದ್ದಷ್ಟೂ ಗಿಡಕ್ಕೆ ಒಳ್ಳೆಯದಾ?

ಹಾಗಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಇದ್ದರೆ ಅದು ಸುದ್ದಿ ಮುಟ್ಟಿಸುವ ಕೆಲಸ ಮಾಡುತ್ತದೆ. ಬೇರು ಒಣಗಿದಾಗ ಹುಟ್ಟುವ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಎಲೆಯ ಬಾಯಿ ಮುಚ್ಚಿಸುವಾಗ ಪೆರಾಕ್ಸೈಡಿನ ನೆರವನ್ನೇ ಪಡೆಯುತ್ತದೆ. ರೋಗ ಬಂದಾಗ ಕೋಶಗಳ ಗೋಡೆ ಗಟ್ಟಿ ಮಾಡಲೂ ಅದು ಬೇಕು. ಪೂರ್ತಿ ಅಳಿಸಿಬಿಟ್ಟರೆ ಗಿಡಕ್ಕೆ ಬರ ಬಂದದ್ದೇ ತಿಳಿಯುವುದಿಲ್ಲ. ಇನ್ನೊಂದು ವಿಷಯ, ಇವನ್ನೆಲ್ಲ ತಯಾರಿಸಲು ಖರ್ಚಿದೆ. ಕಾಳಿಗೆ ಹೋಗಬೇಕಾದ ಸಕ್ಕರೆ ಇಲ್ಲಿಗೆ ಹೋಗುತ್ತದೆ.

ಅದಕ್ಕೇ "ಈ ತಳಿಯಲ್ಲಿ ಆಂಟಿ ಆಕ್ಸಿಡೆಂಟ್ ಜಾಸ್ತಿ" ಅಂದ ಮಾತ್ರಕ್ಕೆ ನಂಬಬೇಡಿ. ಬರದ ವರ್ಷ ಹೊಲದಲ್ಲಿ ಎಷ್ಟು ಕಾಳು ಕೊಟ್ಟಿತು ಅಂತ ಕೇಳಿ.

ರಾಗಿ ಬರ ತಡೆಯುವುದು ಅದರ ಆಂಟಿ ಆಕ್ಸಿಡೆಂಟ್‌ನಿಂದಲೇ ಅಂತಾರೆ, ಹೌದಾ?

ಇಲ್ಲಿ ಎರಡು ವಿಷಯ ಬೆರೆತುಹೋಗಿವೆ. ರಾಗಿ ಕಾಳಿನ ಸಿಪ್ಪೆಯಲ್ಲಿ ಪಾಲಿಫಿನಾಲ್ ಇರುವುದು ನಿಜ. ಕಂದು ರಾಗಿಯಲ್ಲಿ ಜಾಸ್ತಿ, ಬಿಳಿ ರಾಗಿಯಲ್ಲಿ ಕಡಿಮೆ. ಆದರೆ ಅದು ಕಾಯುವುದು ಕಾಳನ್ನು. ಹೊಲದಲ್ಲಿ ನಿಂತ ಪೈರನ್ನು ಬರದಲ್ಲಿ ಕಾಯುವುದು ಎಲೆಯ ಕಿಣ್ವಗಳು, ಬೇರು, ಮತ್ತು ಅದರ ಸಿ4 ಪದ್ಧತಿ.

ರಾಗಿ, ಜೋಳ, ಸಜ್ಜೆ, ನವಣೆ ಎಲ್ಲವೂ ಸಿ4 ಬೆಳೆಗಳು. ಇಂಗಾಲದ ಡೈಆಕ್ಸೈಡನ್ನು ಒಳಗೆ ಒತ್ತಿ ಕೂಡಿಟ್ಟುಕೊಳ್ಳುವ ಏರ್ಪಾಡು ಇವಕ್ಕಿದೆ. ಬಾಯಿ ಅರ್ಧ ಮುಚ್ಚಿದರೂ ಸ್ವಲ್ಪ ಕೆಲಸ ಸಾಗುತ್ತದೆ. ಭತ್ತ, ಶೇಂಗಾ, ತೊಗರಿಯಲ್ಲಿ ಇದಿಲ್ಲ. ಹಾಗಂತ ಸಿ4 ಅಂದರೆ ಬರ ತಡೆದೇ ತೀರುತ್ತದೆ ಅಂತಲ್ಲ. ಮೆಕ್ಕೆಜೋಳವೂ ಸಿ4, ಆದರೆ ಸೂಲಂಗಿ ಮತ್ತು ತೆನೆಯ ರೇಷ್ಮೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳೇ ಕಟ್ಟುವುದಿಲ್ಲ.

ರಾಗಿ ಬೀಜವನ್ನು ಹದ ಮಾಡಿ ಬಿತ್ತುವ ಪದ್ಧತಿ ಇದೆ. ಒಂದು ಕೆಜಿ ಬೀಜಕ್ಕೆ ಒಂದು ಲೀಟರ್ ನೀರು ಹಾಕಿ 6 ಗಂಟೆ ನೆನೆಸಬೇಕು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ 2 ದಿನ ಇಡಬೇಕು. ಮೊಳಕೆ ಇನ್ನೇನು ಕಣ್ಣು ಬಿಡುತ್ತದೆ ಅನ್ನುವಾಗ ಬಿಚ್ಚಿ ನೆರಳಿನಲ್ಲಿ 2 ದಿನ ಒಣಗಿಸಿ ಬಿತ್ತಬೇಕು. ಹೀಗೆ ಒಮ್ಮೆ ನೆನೆದು ಒಣಗಿದ ಬೀಜದಲ್ಲಿ ಮೊಳಕೆಯ ಕೆಲಸ ಅರ್ಧ ಮುಗಿದಿರುತ್ತದೆ, ರಕ್ಷಣೆಯ ಕಿಣ್ವಗಳೂ ಚುರುಕಾಗುತ್ತವೆ. ಖರ್ಚಿಲ್ಲದ ಕೆಲಸ, ಮಾಡಿ ನೋಡಿ.

ಬರದ ವರ್ಷ ಶೇಂಗಾ ಕಾಯಿಗೆ ಬೂಷ್ಟು ಜಾಸ್ತಿ ಯಾಕೆ?

ಚಳ್ಳಕೆರೆ ಸೀಮೆಯವರು ಇದನ್ನು ತಿಳಿದಿರಲೇಬೇಕು. ಶೇಂಗಾ ಕಾಳಿಗೆ ಶಿಲೀಂಧ್ರ ತಗುಲಿದಾಗ ಅದು ರೆಸ್ವೆರಟ್ರಾಲ್ ಗುಂಪಿನ ರಕ್ಷಣಾ ವಸ್ತುಗಳನ್ನು ತಯಾರಿಸಿ ತಡೆಯುತ್ತದೆ. ಇವು ಆಂಟಿ ಆಕ್ಸಿಡೆಂಟ್ ಗುಣವೂ ಇರುವ ವಸ್ತುಗಳು. ತಯಾರಿಸಲು ಕಾಳಿನಲ್ಲಿ ತೇವ ಬೇಕು. ಕಾಯಿ ಬಲಿಯುವ ಕೊನೆಯ 3ರಿಂದ 6 ವಾರ ಮಳೆ ಇಲ್ಲದೆ ಮಣ್ಣು ಕಾದರೆ ಕಾಳು ಒಣಗಿ ಈ ತಯಾರಿ ನಿಲ್ಲುತ್ತದೆ. ಆಸ್ಪರ್ಜಿಲಸ್ ಶಿಲೀಂಧ್ರಕ್ಕೆ ಅಂಥ ಬಿಸಿಯೇ ಬೇಕಾದ್ದು. ಅದು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿನ ಕ್ಯಾನ್ಸರ್ ತರುವಂಥ ವಿಷ ಅದು. ಹುರಿದರೂ ಪೂರ್ತಿ ಹೋಗುವುದಿಲ್ಲ.

ನೀರಿನ ಅನುಕೂಲ ಇದ್ದವರು ಕೊನೆಯ ಹಂತದಲ್ಲಿ ಒಂದು ನೀರು ಕೊಟ್ಟರೆ ಅದು ಇಳುವರಿಗಿಂತ ಹೆಚ್ಚಾಗಿ ಇದಕ್ಕೆ ನೆರವು. ಇಲ್ಲದವರು ಬಲಿತ ಕೂಡಲೇ ಕಿತ್ತು ಬೇಗ ಒಣಗಿಸಬೇಕು. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಮನೆಗೂ ಇಡಬೇಡಿ, ದನಕ್ಕೂ ಹಾಕಬೇಡಿ. ಹಸು ತಿಂದರೆ ಹಾಲಿಗೂ ಬರುತ್ತದೆ.

ಅಂಗಡಿಯಲ್ಲಿ "ಬರ ನಿರೋಧಕ" ಅಂತ ಸ್ಪ್ರೇ ಮಾರುತ್ತಾರೆ. ಹೊಡೆಯಬಹುದಾ?

ಬಾಟಲಿಯ ಮೇಲೆ ಒಳಗೇನಿದೆ ಅಂತ ಬರೆದಿಲ್ಲದಿದ್ದರೆ ಬೇಡ. ಸ್ಯಾಲಿಸಿಲಿಕ್ ಆಮ್ಲ, ಪೊಟ್ಯಾಸಿಯಂ ನೈಟ್ರೇಟ್ ಇಂಥವುಗಳ ಸಿಂಪಡಣೆಯಿಂದ ಗಿಡದ ರಕ್ಷಣಾ ಕಿಣ್ವಗಳು ಚುರುಕಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಎಲೆ ಸುಡುತ್ತದೆ. ಪೂರ್ತಿ ಬಾಡಿದ ಬೆಳೆಗೆ ಹೊಡೆದು ಪ್ರಯೋಜನವೂ ಇಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿಕೊಂಡು ಮುಂದುವರಿಯಿರಿ.

ನನ್ನನ್ನು ಕೇಳಿದರೆ ಮೊದಲ ದುಡ್ಡು ಕೊಟ್ಟಿಗೆ ಗೊಬ್ಬರಕ್ಕೆ, ಎರಡನೆಯದು ಜಿಂಕ್ ಸಲ್ಫೇಟ್‌ಗೆ. ಯಾಕೆಂದರೆ ಮೇಲೆ ಹೇಳಿದ ಕಿಣ್ವಗಳಿಗೆ ಲೋಹ ಬೇಕು. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್‌ನ ಒಂದು ಬಗೆಗೆ ಸತು ಮತ್ತು ತಾಮ್ರ, ಇನ್ನೊಂದಕ್ಕೆ ಮ್ಯಾಂಗನೀಸ್, ಮತ್ತೊಂದಕ್ಕೆ ಕಬ್ಬಿಣ. ಕ್ಯಾಟಲೇಸ್‌ಗೂ ಕಬ್ಬಿಣ ಬೇಕು. ರಸಸಾರ ಜಾಸ್ತಿ ಇರುವ, ಸುಣ್ಣ ಇರುವ ಎರೆ ಮಣ್ಣಿನಲ್ಲಿ ಸತು, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಶೇಂಗಾದ ಎಳೆ ಎಲೆ ನರ ಹಸಿರಾಗಿದ್ದು ಉಳಿದದ್ದು ಹಳದಿಯಾಗುತ್ತದಲ್ಲ, ಅದು ಕಬ್ಬಿಣದ ಕೊರತೆ. ಇಂಥ ಗಿಡಕ್ಕೆ ಬರ ಬಂದರೆ ಕಿಣ್ವ ತಯಾರಿಸಲು ಸಾಮಾನೇ ಇರುವುದಿಲ್ಲ. ಪೊಟ್ಯಾಷ್ ಕೂಡ ಹೀಗೇ, ಎಲೆಯ ಬಾಯಿ ಸರಿಯಾಗಿ ತೆರೆದು ಮುಚ್ಚಲು ಅದು ಬೇಕು.

ಇಂಥ ಗಿಡಗಳನ್ನು ತಿಂದರೆ ನಮಗೂ ಆ ಶಕ್ತಿ ಬರುತ್ತದಾ?

ನುಗ್ಗೆ, ದಂಟು, ನೆಲ್ಲಿಕಾಯಿ, ರಾಗಿ, ದಾಳಿಂಬೆ ಎಲ್ಲ ಒಳ್ಳೆಯ ಆಹಾರ, ಧಾರಾಳವಾಗಿ ತಿನ್ನಿ. ಆದರೆ ಗಿಡದ ಎಲೆಯಲ್ಲಿ ಮಾಡುವ ಕೆಲಸವನ್ನೇ ನಮ್ಮ ಮೈಯಲ್ಲೂ ಮಾಡುತ್ತದೆ ಅಂತ ಹೇಳಲಾಗದು. ಮಾತ್ರೆ ರೂಪದಲ್ಲಂತೂ ಎಚ್ಚರ ಬೇಕು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಜಾಸ್ತಿಯೇ ಆಗಿತ್ತು. ಸೊಪ್ಪು ತಿನ್ನುವುದಕ್ಕೂ ಮಾತ್ರೆ ನುಂಗುವುದಕ್ಕೂ ವ್ಯತ್ಯಾಸವಿದೆ.

ಮನೆಯವರಿಗೆ ಕೆಲಸಕ್ಕೆ ಬರುವ ಒಂದು ವಿಷಯ: ರಾಗಿಯ ಪಾಲಿಫಿನಾಲ್ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಸ್ವಲ್ಪ ತಡೆಯುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದು ಕಡಿಮೆಯಾಗುತ್ತದೆ. ಮಕ್ಕಳಿಗೆ ರಾಗಿ ಮಣ್ಣಿ ಮಾಡುವಾಗ ಹಿಂದಿನವರು ಹೀಗೇ ಮಾಡುತ್ತಿದ್ದರು.

ಮಣ್ಣು ಪರೀಕ್ಷೆ ಚೀಟಿಯಲ್ಲಿ ಏನು ನೋಡಬೇಕು?

ಮೂರು ಸಾಲು ನೋಡಿ. ರಸಸಾರ 8.5ಕ್ಕಿಂತ ಮೇಲಿದೆಯಾ? ಸತು, ಕಬ್ಬಿಣ ಕೊರತೆ ಅಂತ ಬರೆದಿದೆಯಾ? ವಿದ್ಯುತ್ ವಾಹಕತೆ ಎಷ್ಟು?

ವಾಹಕತೆ ಓದುವಾಗ ಒಂದು ಎಚ್ಚರ. ಮೇಲೆ ಬೆಳೆಗಳಿಗೆ ಕೊಟ್ಟ ಅಂಕಿಗಳು ಮಣ್ಣನ್ನು ಕೆಸರು ಮಾಡಿ ಅದರಿಂದ ತೆಗೆದ ನೀರಿನವು. ಚೀಟಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದು. ನೀರು ಜಾಸ್ತಿ ಸೇರಿರುವುದರಿಂದ ಅಂಕಿ ಕಡಿಮೆ ಕಾಣುತ್ತದೆ. ಅಲ್ಲಿ 1ರ ಒಳಗಿದ್ದರೆ ಸಾಮಾನ್ಯ. ದಾಟಿದ್ದರೆ ಈರುಳ್ಳಿ, ಮೆಕ್ಕೆಜೋಳ ಹಾಕುವ ಮುಂಚೆ ಯಾವ ಲೆಕ್ಕದಲ್ಲಿ ಅಳೆದಿದ್ದಾರೆ ಅಂತ ಪರೀಕ್ಷೆ ಮಾಡಿದವರನ್ನೇ ಕೇಳಿ.

ಬೋರ್ ನೀರನ್ನೂ ಒಂದು ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ. ನೀರಿನ ವಾಹಕತೆ 0.7ರ ಒಳಗಿದ್ದರೆ ತೊಂದರೆ ಇಲ್ಲ, 3 ದಾಟಿದರೆ ಬಹುಪಾಲು ಬೆಳೆಗೆ ಕಷ್ಟ. ನಡುವೆ ಇದ್ದರೆ ಬೆಳೆ ನೋಡಿ ಬಳಸಬೇಕು. ಬಾಟಲಿಗೆ ಹಿಡಿಯುವ ಮುಂಚೆ ಮೋಟಾರು ಅರ್ಧ ಗಂಟೆ ಓಡಲಿ. ಪೈಪಿನಲ್ಲಿ ನಿಂತ ನೀರು ಹಿಡಿದರೆ ಲೆಕ್ಕ ತಪ್ಪುತ್ತದೆ. ಮಳೆಗಾಲದ ನೀರಿಗಿಂತ ಏಪ್ರಿಲ್, ಮೇ ತಿಂಗಳ ನೀರು ಕೊಟ್ಟು ನೋಡುವುದು ಒಳ್ಳೆಯದು. ಬೋರಿನಲ್ಲಿ ನೀರು ಕೆಳಗಿಳಿದಾಗ ಉಪ್ಪು ಎಷ್ಟಿರುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.